ಮುಂಬಯಿಯ ರೈಲ್ವೆ ಕಾರ್ಮಿಕರೂ ದುಡಿಮೆಯ ಗಂಟೆಗಳೂ

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಹೊರಟ ಪ್ರಥಮ ಪ್ರಯಾಣಿಕರ ರೈಲುಗಾಡಿಯನ್ನು ನಮ್ಮ ಇತಿಹಾಸಗ್ರಂಥಗಳು ಆದರದಿಂದ ಸ್ಮರಿಸುತ್ತವೆ. ಆ ಹಳಿಗಳ ಮೇಲೆ ಹಗಲಿರುಳೆನ್ನದೆ ದುಡಿದವರು ತಮ್ಮ ದುಡಿಮೆಗೊಂದು ಮಿತಿ ಬೇಕೆಂದು ತಲೆಮಾರುಗಳುದ್ದಕ್ಕೂ ನಡೆಸಿದ ಹೋರಾಟಕ್ಕಾದರೋ ಅಷ್ಟು ಪುಟಗಳು ದೊರೆತಿಲ್ಲ.

ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿ.ಐ.ಪಿ.) ರೈಲ್ವೆಯಲ್ಲಿ ತಂತಿಯಂತ್ರದ ಮುಂದೆ ಕುಳಿತು ಗಾಡಿಗಳ ಬರವನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ತಿಳಿಸುತ್ತಿದ್ದ ಸಿಗ್ನಲರುಗಳು 1899ರಲ್ಲಿ ಮುಷ್ಕರ ಹೂಡಿದಾಗ, ಕಾರ್ಮಿಕಸಂಘವೆಂಬುದಕ್ಕೆ ಈ ದೇಶದಲ್ಲಿ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಆದರೂ ಲೋಕಮಾನ್ಯ ತಿಲಕರ ಪತ್ರಿಕೆಗಳು ಅವರ ಪಕ್ಷವನ್ನು ವಹಿಸಿದವು. 1925ರಲ್ಲಿ ಜಿ.ಐ.ಪಿ. ಸರಕಾರದ ಸ್ವಾಧೀನಕ್ಕೆ ಬಂದುದರಿಂದ ಯಜಮಾನನು ಬದಲಾದನೇ ಹೊರತು ದುಡಿಯುವವನ ಪಾಡು ಹೆಚ್ಚಾಗಿ ಬದಲಾಗಲಿಲ್ಲ. 1930ರ ಫೆಬ್ರವರಿ 4ರಂದು ಮತ್ತೆ ಮುಷ್ಕರ ಆರಂಭವಾಯಿತು. ಗಾಂಧೀಜಿಯವರು ದಾಂಡಿಯಲ್ಲಿ ಉಪ್ಪನ್ನೆತ್ತಿದ ಏಪ್ರಿಲ್ ತಿಂಗಳಲ್ಲೇ ಮುಂಬಯಿಯ ಉತ್ತರದ ಉಪನಗರ ನಿಲ್ದಾಣಗಳಲ್ಲಿ ಈ ಕಾರ್ಮಿಕರು ಕೆಂಬಾವುಟಗಳನ್ನು ಮುಂದಿರಿಸಿಕೊಂಡು ಹಳಿಗಳ ಮೇಲೆ ಅಡ್ಡಲಾಗಿ ಮಲಗಿದರು. ಅವರನ್ನು ತೆರವುಗೊಳಿಸಲು ಪೊಲೀಸರು ಗುಂಡು ಹಾರಿಸಿದರು. ಉಪ್ಪಿನ ಸತ್ಯಾಗ್ರಹಕ್ಕೆ ಸಲ್ಲುವ ಗೌರವವು ಇವರಿಗೂ ಸಲ್ಲತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಲಹದ ಮೂಲವಿದ್ದುದು ಗಂಟೆಗಳ ಲೆಕ್ಕದಲ್ಲಿ. 1947ರಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷರು ಕೊಟ್ಟ ತೀರ್ಪಿನಂತೆ ಎಡೆಬಿಡದ ಕೆಲಸದವರಿಗೆ ವಾರಕ್ಕೆ 54 ಗಂಟೆಗಳೂ, ನಡುನಡುವೆ ಬಿಡುವುಳ್ಳದ್ದೆಂದು ಎಣಿಸಲಾದ ಕೆಲಸದವರಿಗೆ 75 ಗಂಟೆಗಳೂ ನಿಗದಿಯಾದವು. ಒಂದು ಗಾಡಿ ಹೋಗಿ ಮತ್ತೊಂದು ಬರುವವರೆಗೆ ಫಾಟಕದ ಬಳಿ ಕಿವಿಗೊಟ್ಟು ಕಾಯುತ್ತಿದ್ದ ಗೇಟ್‌ಮನ್ನನ ಆ ಜಾಗರಣೆಯೂ ಬಿಡುವೆಂದೇ ಪರಿಗಣಿತವಾಗುತ್ತಿತ್ತು. ಇಂಜಿನಿನ ಬೆಂಕಿಯ ಬಾಯಿಗೆ ಸಲಿಕೆಯಿಂದ ಕಲ್ಲಿದ್ದಲು ಎಸೆಯುತ್ತಿದ್ದ ಫೈರ್‌ಮನ್ನನಿಗಾದರೋ ಗಾಡಿ ತಡವಾದಷ್ಟೂ ದಿನ ಬೆಳೆಯುತ್ತಿತ್ತು. 1973ರ ಆಗಸ್ಟಿನಲ್ಲಿ ಈ ಇಂಜಿನ್ ಸಿಬ್ಬಂದಿಯು ಮುಷ್ಕರ ಹೂಡಿ ಹತ್ತು ಗಂಟೆಗಳ ಮಿತಿಯ ವಚನವನ್ನು ಸರಕಾರದಿಂದ ಪಡೆಯಿತು.

ಅದೇ ವರ್ಷ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಶನ್ನಿಗೆ ಅಧ್ಯಕ್ಷರಾದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸರು. 1949ರಲ್ಲಿ ಬರಿಗೈಯಲ್ಲಿ ಮುಂಬಯಿಗೆ ಬಂದು, ಅದೇ ಕರಾವಳಿಯ ಪ್ಲಾಸಿಡ್ ಡಿಮೆಲ್ಲೋ ಅವರ ಬಳಿ ಬಂದರು ಕಾರ್ಮಿಕರ ಸಂಘಟನೆಯನ್ನು ಕಲಿತು, ನಗರದ ಟ್ಯಾಕ್ಸಿ ಚಾಲಕರನ್ನು ಒಗ್ಗೂಡಿಸಿದ ಅವರು, ಬೋನಸ್ಸು ಮತ್ತು ಎಂಟು ಗಂಟೆಗಳ ದುಡಿಮೆ ಮೊದಲಾದ ಬೇಡಿಕೆಗಳನ್ನು ಮುಂದಿಟ್ಟು 17 ಲಕ್ಷದಷ್ಟು ನೌಕರರಿಗೆ ಮುಷ್ಕರದ ಕರೆಯಿತ್ತರು. 1974ರ ಮೇ 2ರಂದೇ ಲಖನೌದಲ್ಲಿ ಅವರ ಬಂಧನವಾಯಿತು. ಮುಷ್ಕರವು ಮಾತ್ರ ಮೇ 8ರಂದು ಆರಂಭವಾಗಿಯೇ ತೀರಿತು. ಮುಂಬಯಿಯಲ್ಲಿ ಟ್ಯಾಕ್ಸಿಯವರೂ ಜತೆಗೂಡಿದರು. ದೇಶದುದ್ದಕ್ಕೂ ಸಹಸ್ರಾರು ಜನ ಸೆರೆಮನೆ ಸೇರಿದರು, ರೈಲ್ವೆ ವಸತಿಗಳಿಂದ ಹೆಂಗಸರೂ ಮಕ್ಕಳೂ ಬೀದಿಗೆ ಬಿದ್ದರು. ಮೇ 27ರಂದು ಮುಷ್ಕರವನ್ನು ಹಿಂತೆಗೆದುಕೊಳ್ಳಬೇಕಾಯಿತು.

ಸೋತಿತೆಂದು ಅಂದು ಎಲ್ಲರೂ ಬಗೆದ ಆ ಹೋರಾಟದಲ್ಲಿ ನೌಕರಿ ಕಳೆದುಕೊಂಡವರನ್ನು 1977ರಲ್ಲಿ ರೈಲ್ವೆ ಮಂತ್ರಿಗಳಾದ ಮಧು ದಂಡವತೆಯವರು ಮರಳಿ ಸೇರಿಸಿಕೊಂಡರು. 1979ರಲ್ಲಿ ಬೋನಸ್ಸೂ ದೊರೆಯಿತು. ಗಾಡಿ ನಡೆಸುವವರ ಗಂಟೆಗಳ ಪ್ರಶ್ನೆಯಾದರೋ ಇಂದಿಗೂ ಸಂಘಗಳ ಬೇಡಿಕೆಪಟ್ಟಿಯಲ್ಲೇ ಉಳಿದಿದೆ.