ಕೀಬೋರ್ಡ್ ವಿನ್ಯಾಸ ಬದಲಿಸಿದರೆ ಟೈಪಿಂಗ್ ವೇಗ ದುಪ್ಪಟ್ಟಾಗುತ್ತದೆಯೇ?

‘ನಾವು ಬಳಸುವ ಕ್ವರ್ಟಿ ಕೀಬೋರ್ಡನ್ನು ಮಾಡಿದ್ದೇ ಬೆರಳುಗಳನ್ನು ನಿಧಾನಗೊಳಿಸಲು. ಡ್ವೊರಾಕ್ ಕೀಬೋರ್ಡ್ ಕಲಿತರೆ ವೇಗ ದುಪ್ಪಟ್ಟು!’ ಇಂಥ ಅರ್ಥದ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ಎಷ್ಟು ನಿಜ?

ನಿಧಾನಗೊಳಿಸಲೆಂದೇ ಮಾಡಿದ್ದೇ?

ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಜೊತೆಗಾರರು ರೂಪಿಸಿದ ಟೈಪ್‌ರೈಟರ್ ಅನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದಿತು. ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲಿ ಎಂದು ಕೀಲಿಗಳನ್ನು ಹೀಗೆ ಜೋಡಿಸಿದರು ಎಂಬ ವಿವರಣೆ ಬಹಳ ಪ್ರಚಲಿತ. ಅದನ್ನು ಒಪ್ಪಿದರೂ ಉದ್ದೇಶ ವೇಗ ತಗ್ಗಿಸುವುದಲ್ಲ, ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಆದರೆ ಆ ವಿವರಣೆಯೂ ಪೂರ್ತಿ ಹೊಂದುವುದಿಲ್ಲ. ಇಂಗ್ಲಿಷ್‌ನಲ್ಲಿ ಪದೇ ಪದೇ ಜೊತೆಯಾಗಿ ಬರುವ ‘ಇ’ ಮತ್ತು ‘ಆರ್’ ಅಕ್ಕಪಕ್ಕದಲ್ಲೇ ಇವೆ, ನಿಮ್ಮ ಫೋನಿನಲ್ಲೇ ನೋಡಿ. ಇನ್ನು, ಕೀಲಿ ನೋಡದೆ ಹತ್ತು ಬೆರಳಲ್ಲಿ ಟೈಪ್ ಮಾಡುವ ವಿಧಾನ ಹೆಸರು ಮಾಡಿದ್ದು 1888ರ ಸಿನ್ಸಿನಾಟಿ ಸ್ಪರ್ಧೆಯ ನಂತರ. ಅಷ್ಟರಲ್ಲಿ ಕ್ವರ್ಟಿ ಬಂದು ವರ್ಷಗಳೇ ಆಗಿದ್ದವು.

ಡ್ವೊರಾಕ್ ನಿಜಕ್ಕೂ ವೇಗವೇ?

ಆಗಸ್ಟ್ ಡ್ವೊರಾಕ್ ಅಮೆರಿಕದ ಪ್ರಾಧ್ಯಾಪಕರು. ಅವರ ವಿನ್ಯಾಸಕ್ಕೆ 1936ರಲ್ಲಿ ಪೇಟೆಂಟ್ ಸಿಕ್ಕಿತು. ಇದರಲ್ಲಿ ಇಂಗ್ಲಿಷ್ ಸ್ವರಗಳು ನಡುಸಾಲಿನ ಎಡಗಡೆ, ಹೆಚ್ಚು ಬಳಕೆಯ ವ್ಯಂಜನಗಳು ಬಲಗಡೆ ಇವೆ. ಬೆರಳ ಓಡಾಟ ಕಡಿಮೆಯಾಗುವುದು ನಿಜ. 1944ರಲ್ಲಿ ಅಮೆರಿಕದ ನೌಕಾಪಡೆಯ ಪರೀಕ್ಷೆ ಇದರ ಪರವಾಗಿ ವರದಿ ಕೊಟ್ಟಿತು. ಆದರೆ ಡ್ವೊರಾಕ್ ಆಗ ಅದೇ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದರು.

1956ರಲ್ಲಿ ಅಮೆರಿಕ ಸರ್ಕಾರಕ್ಕಾಗಿ ಅರ್ಲ್ ಸ್ಟ್ರಾಂಗ್ ಇನ್ನೊಂದು ಪರೀಕ್ಷೆ ನಡೆಸಿದರು. ಹತ್ತು ಮಂದಿ ಟೈಪಿಸ್ಟರು ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ ಮಾಡಿದರೂ ತಮ್ಮ ಹಳೆಯ ವೇಗಕ್ಕೆ ಮರಳಲು 25ಕ್ಕೂ ಹೆಚ್ಚು ದಿನ ಬೇಕಾಯಿತು. ಅಂದರೆ ನೂರು ಗಂಟೆಗೂ ಮಿಕ್ಕಿದ ಶ್ರಮ! ಆಮೇಲೆ ಕ್ವರ್ಟಿಯಲ್ಲೇ ಹೆಚ್ಚುವರಿ ತರಬೇತಿ ಪಡೆದವರೇ ಮುಂದೆ ಹೋದರು.

ಕನ್ನಡ ಟೈಪಿಂಗ್‌ಗೆ ಯಾವುದು?

ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿರುವ ವಿನ್ಯಾಸವಿದೆ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಜೋಡಣೆಯ ಇನ್‌ಸ್ಕ್ರಿಪ್ಟ್ ಕೂಡ ಇದೆ. ‘ಕನ್ನಡ’ ಎಂದು ಬರೆಯಲು ನುಡಿಯಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ಕೆ, ವಿ, ಡಿ, ವಿ ಮತ್ತು ಚೌಕ ಆವರಣದ ಕೀಲಿ. ಎರಡರಲ್ಲೂ ಐದೇ ಒತ್ತು. ಇಂಗ್ಲಿಷ್ ಕೀಲಿಗಳ ಪರಿಚಯವಿದ್ದವರಿಗೆ ನುಡಿ ಬೇಗ ಹತ್ತುತ್ತದೆ. ಇನ್‌ಸ್ಕ್ರಿಪ್ಟ್ ಕಲಿತರೆ ಹಿಂದಿ, ತೆಲುಗಿಗೂ ಅದೇ ಕೈಪಳಗು ಸಾಕು. ಪರೀಕ್ಷೆ ಅಥವಾ ಕೆಲಸಕ್ಕಾಗಿ ಕಲಿಯುವವರು ಅಲ್ಲಿ ಯಾವ ವಿನ್ಯಾಸ ಕೇಳುತ್ತಾರೆಂದು ಮೊದಲೇ ತಿಳಿದುಕೊಳ್ಳಿ. ಒಂದನ್ನು ಆರಿಸಿದ ಮೇಲೆ ದಿನಕ್ಕೆ ಅರ್ಧ ಗಂಟೆ, ಕೀಲಿ ನೋಡದೆ ಅಭ್ಯಾಸ ಮಾಡಿ. ಮೊದಮೊದಲು ವೇಗ ಇಳಿಯುವುದು ಸಹಜ.

ಲಿಂಕ್ ಒತ್ತುವ ಮುನ್ನ

ಡ್ವೊರಾಕ್ ಹತ್ತು ಬೆರಳಿಗಾಗಿ ಮಾಡಿದ್ದು. ಎರಡು ಹೆಬ್ಬೆರಳಲ್ಲಿ ಒತ್ತುವ ಫೋನಿನಲ್ಲಿ ಅದೇ ಲಾಭ ನಿರೀಕ್ಷಿಸುವಂತಿಲ್ಲ. ಪ್ರಯತ್ನಿಸಲೇಬೇಕೆಂದರೆ ಜಿಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲೇ ಡ್ವೊರಾಕ್ ಸಿಗುತ್ತದೆ, ವಿಂಡೋಸ್‌ನಲ್ಲೂ ಇದೆ. ಸಂದೇಶದಲ್ಲಿ ಬಂದ ಲಿಂಕಿನಿಂದ ಕೀಬೋರ್ಡ್ ಆ್ಯಪ್ ಹಾಕಿಕೊಳ್ಳಬೇಡಿ. ನೀವು ಒತ್ತುವ ಪ್ರತಿ ಅಕ್ಷರವೂ ಕೀಬೋರ್ಡ್ ಆ್ಯಪ್ ಮೂಲಕವೇ ಹೋಗುತ್ತದೆ. ಪಾಸ್‌ವರ್ಡ್, ಕಾರ್ಡ್ ಸಂಖ್ಯೆ, ಒಟಿಪಿ ಯಾವುದೂ ಇದಕ್ಕೆ ಹೊರತಲ್ಲ. ಹೊಸ ಕೀಬೋರ್ಡ್ ಆನ್ ಮಾಡುವಾಗ ಆಂಡ್ರಾಯ್ಡ್ ಫೋನ್ ಇದೇ ಎಚ್ಚರಿಕೆ ಕೊಡುತ್ತದೆ. ಓದದೆ ‘ಓಕೆ’ ಒತ್ತಬೇಡಿ.

ಒಟ್ಟಾರೆ ಹೇಳುವುದಾದರೆ, ಡ್ವೊರಾಕ್‌ನಲ್ಲಿ ಬೆರಳಿಗೆ ಶ್ರಮ ಕಡಿಮೆ ಎಂಬುದು ಸರಿ. ವೇಗ ದುಪ್ಪಟ್ಟು ಎಂಬುದಕ್ಕೆ ಆಧಾರವಿಲ್ಲ. ವೇಗ ಬರುವುದು ಅಭ್ಯಾಸದಿಂದ. ಆ ಸಂದೇಶ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಕಳಿಸಿದವರಿಗೆ ಇಷ್ಟು ತಿಳಿಸಿ.