ಕಣ್ಣು ಸಹಿಸುವ ನಷ್ಟ

ಚಿತ್ರವನ್ನು ತೀರ ಕಿರಿದಾಗಿಸಬೇಕಾದರೆ ಏನನ್ನಾದರೂ ಬಿಡಲೇಬೇಕು. ಬಿಟ್ಟದ್ದು ಕಣ್ಣನ್ನು ಚುಚ್ಚಬಾರದು, ಅಷ್ಟೆ.

1962ರಲ್ಲಿ ಅಮೆರಿಕದ ಎಂಐಟಿಯ ಲಾರೆನ್ಸ್ ರಾಬರ್ಟ್ಸ್ ಇದಕ್ಕೊಂದು ವಿಚಿತ್ರ ಉಪಾಯ ಪ್ರಕಟಿಸಿದರು. ಕಪ್ಪು ಬಿಳುಪಿನ ನಡುವಣ ಛಾಯೆಗಳನ್ನು ಕಡಿಮೆ ಮಾಡಿದಾಗ ನುಣುಪಾದ ಕೆನ್ನೆಯ ಮೇಲೆ ಮೆಟ್ಟಿಲಿನಂಥ ಪಟ್ಟೆಗಳು ಮೂಡುತ್ತಿದ್ದವು. ಅವರು ಚಿತ್ರಕ್ಕೆ ಮೊದಲೇ ಮರಳಿನಂಥ ಗದ್ದಲ ಬೆರೆಸಿ, ಕಳುಹಿಸಿದ ಮೇಲೆ ಅಷ್ಟನ್ನೇ ಕಳೆದರು. ನಷ್ಟ ಹೋಗಲಿಲ್ಲ, ಪಟ್ಟೆ ಒಡೆದು ತರಿಯಾಯಿತು. ಗೆರೆಯನ್ನು ಕೂಡಲೇ ಹಿಡಿಯುವ ಕಣ್ಣು ತರಿಯನ್ನು ಸಹಿಸಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಎಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್, ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತವನ್ನು ಪ್ರಕಟಿಸಿದರು. 1992ರ ಜೆಪೆಗ್ ಅದನ್ನೇ ನೆಚ್ಚಿತು. ಅದು ಚಿತ್ರವನ್ನು ಅಡ್ಡಕ್ಕೆ 8, ಉದ್ದಕ್ಕೆ 8 ಚುಕ್ಕೆಗಳ ಚೌಕಗಳಾಗಿ ಸೀಳಿ, ಕಣ್ಣು ಅಷ್ಟಾಗಿ ಗಮನಿಸದ ನವಿರು ವಿವರಗಳನ್ನು ಒರಟಾಗಿ ಅಳೆಯುತ್ತದೆ. ಬೆಳಕಿಗಿಂತ ಬಣ್ಣದಲ್ಲಿ ಹೆಚ್ಚು ಜಿಪುಣತನ ತೋರುತ್ತದೆ.

ಅತಿಯಾಗಿ ಹಿಂಡಿದರೆ ಚೌಕಗಳೇ ಎದ್ದು ಕಾಣುತ್ತವೆ. ನನ್ನ ಅವ್ವನ ಪಟ ಗೆದ್ದಲಿಗೆ ಹೋಯಿತು. ಫೋನಿನಿಂದ ಫೋನಿಗೆ ಹಾಯ್ದು ಬಂದ ಪ್ರತಿಯೊಂದೇ ಉಳಿದಿದೆ. ಅವಳ ಕುಂಕುಮದ ಸುತ್ತ ಅದೇ ಚೌಕಗಳು. ಅಳಿಯ ಅವನ್ನು ಕಂಪ್ಯೂಟರಿನಲ್ಲಿ ನಯಗೊಳಿಸಿ ಕೊಟ್ಟ. ಮುಖ ಹಿತವಾಯಿತು, ಹಣೆಯ ಸುಕ್ಕೂ ಮಾಯವಾಯಿತು.

2000ದಲ್ಲಿ ಬಂದ ಜೆಪೆಗ್ 2000 ಈ ಚೌಕಗಳನ್ನು ಬಿಟ್ಟು ವೇವ್‌ಲೆಟ್ ಗಣಿತ ಹಿಡಿಯಿತು. ಅಲ್ಲಿ ನಷ್ಟ ಮಸುಕಾಗಿ ಕಾಣುತ್ತದೆ. ನೋಡಲು ಅದೇ ಹಿತ. ಆದರೆ ಚೌಕ, ಇಲ್ಲಿ ಏನೋ ಹೋಗಿದೆ ಎಂದು ಹೇಳುತ್ತದೆ, ಮಸುಕು ಹೇಳುವುದಿಲ್ಲ. ಇತಿಹಾಸ ಕಲಿಸುವ ನಾನು ಎರಡೂ ಪ್ರತಿಗಳನ್ನು ಇಟ್ಟುಕೊಂಡಿದ್ದೇನೆ. ಗೋಡೆಗೆ ನಯವಾದದ್ದು, ಮೊಮ್ಮಕ್ಕಳಿಗೆ ಚೌಕದ್ದು.