ಬುದ್ಧಿ ಕೆಟ್ಟ ನ್ಯಾಯಾಧೀಶರನ್ನ ಏನು ಮಾಡೋದು?

ಅಮೆರಿಕದಲ್ಲಿ ವಾಗ್ದಂಡನೆ ಅಂದ ಕೂಡಲೇ ನೆನಪಾಗೋದು ಕ್ಲಿಂಟನ್, ಟ್ರಂಪ್. ಇಬ್ಬರೂ ಸೆನೆಟ್ಟಿನಲ್ಲಿ ಪಾರಾದರು. ಆದರೆ ಸೆನೆಟ್ ಮೊಟ್ಟಮೊದಲು ವಿಚಾರಣೆ ಮಾಡಿ ಕುರ್ಚಿಯಿಂದ ಇಳಿಸಿದ್ದು ಒಬ್ಬ ಕಾಯಿಲೆಯ ಮುದುಕರನ್ನ. ನ್ಯೂ ಹ್ಯಾಂಪ್‌ಶೈರಿನ ಫೆಡರಲ್ ಜಿಲ್ಲಾ ನ್ಯಾಯಾಧೀಶ ಜಾನ್ ಪಿಕರಿಂಗ್. ಇವರ ಕತೆ ಓದಿದಾಗಿನಿಂದ ಯಾಕೋ ತಲೆಯಿಂದ ಹೋಗ್ತಾನೇ ಇಲ್ಲ.

ಮನುಷ್ಯ ಸಾಮಾನ್ಯರೇನಲ್ಲ. 1761ರಲ್ಲಿ ಹಾರ್ವರ್ಡಿನಲ್ಲಿ ಓದು ಮುಗಿಸಿದವರು, ಪೋರ್ಟ್ಸ್‌ಮತ್ ಊರಿನ ದೊಡ್ಡ ವಕೀಲರು, ರಾಜ್ಯದ ಸಂವಿಧಾನ ಬರೆಯೋದರಲ್ಲಿ ಕೈಯಿದ್ದವರು, ಆಮೇಲೆ ರಾಜ್ಯದ ಮುಖ್ಯ ನ್ಯಾಯಾಧೀಶರು. 1795ರಲ್ಲಿ ವಾಷಿಂಗ್ಟನ್ ಅವರೇ ಫೆಡರಲ್ ಹುದ್ದೆ ಕೊಟ್ಟರು.

1800ರ ಹೊತ್ತಿಗೆ ಬುದ್ಧಿ ಕೈಕೊಡೋಕೆ ಶುರುವಾಯ್ತು. ಜೊತೆಗೆ ಕುಡಿತ. 1801ರಲ್ಲಿ ಬಂದ ಹೊಸ ಕಾಯಿದೆಯಿಂದ ಅವರ ಬದಲಿಗೆ ಇನ್ನೊಬ್ಬ ನ್ಯಾಯಾಧೀಶರು ಕೂತರು. ಒಳ್ಳೇ ಏರ್ಪಾಡು. ಆದರೆ 1802ರಲ್ಲಿ ಜೆಫರ್ಸನ್ ಪಕ್ಷದವರು ಆ ಕಾಯಿದೆಯನ್ನೇ ರದ್ದು ಮಾಡಿದರು. ಪಾಪ, ಪಿಕರಿಂಗ್ ಮತ್ತೆ ಪೀಠಕ್ಕೆ ಬಂದರು!

ಆ ವರ್ಷವೇ ಸುಂಕದ ಅಧಿಕಾರಿಗಳು ‘ಎಲೈಜಾ’ ಅನ್ನೋ ಹಡಗನ್ನು ಹಿಡಿದರು. ವಿಚಾರಣೆಗೆ ನ್ಯಾಯಾಧೀಶರು ಕುಡಿದೇ ಬಂದರು, ಬಾಯಿಗೆ ಬಂದಂತೆ ಬೈದರು, ಸರ್ಕಾರದ ಸಾಕ್ಷಿಗಳನ್ನು ಕೇಳದೆ ಹಡಗನ್ನು ಮಾಲೀಕನಿಗೆ ಕೊಡಿಸಿದರು. ಮೇಲ್ಮನವಿಗೂ ಬಿಡಲಿಲ್ಲ. 1803ರ ಫೆಬ್ರವರಿಯಲ್ಲಿ ಜೆಫರ್ಸನ್ ದಾಖಲೆಗಳನ್ನೆಲ್ಲ ಕಾಂಗ್ರೆಸ್ಸಿಗೆ ಕಳಿಸಿದರು.

ಇಲ್ಲೇ ನೋಡಿ ಪೇಚು. ಸಂವಿಧಾನದ ಪ್ರಕಾರ ವಾಗ್ದಂಡನೆಗೆ ದೇಶದ್ರೋಹ, ಲಂಚ ಅಥವಾ ಘೋರ ಅಪರಾಧ ಆಗಿರಬೇಕು. ಬುದ್ಧಿಭ್ರಮಣೆ ಅಪರಾಧ ಹೇಗಾಗುತ್ತೆ? ಹಾಗಂತ ಬಿಟ್ಟರೆ ಅವರು ಸಾಯೋವರೆಗೂ ನ್ಯಾಯಾಧೀಶರೇ. ರಾಜೀನಾಮೆ ಕೊಟ್ಟರೆ ಪಿಂಚಣಿ ಇಲ್ಲ; ನ್ಯಾಯಾಧೀಶರಿಗೆ ನಿವೃತ್ತಿ ಸಂಬಳ ಬಂದದ್ದು 1869ರಲ್ಲಿ. (ನಮ್ಮ ಭಾರತದ ಸಂವಿಧಾನ 124ನೇ ವಿಧಿಯಲ್ಲಿ ದುರ್ನಡತೆಯ ಜೊತೆ ‘ಅಸಾಮರ್ಥ್ಯ’ ಅಂತಾನೂ ಸೇರಿಸಿದೆ. ಜಾಣತನ.)

ಪಿಕರಿಂಗ್ ವಿಚಾರಣೆಗೆ ಬರಲೇ ಇಲ್ಲ. ‘ಅಪ್ಪನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಪ್ರಯಾಣ ಮಾಡೋ ಸ್ಥಿತಿಯಲ್ಲೂ ಇಲ್ಲ’ ಅಂತ ಮಗ ಜೇಕಬ್ ಅರ್ಜಿ ಕಳಿಸಿದ. ಒಬ್ಬ ಮಗ ಇದನ್ನ ಊರೆಲ್ಲ ಓದೋ ಹಾಗೆ ಬರೆದು ಕೊಡಬೇಕಾದರೆ ಹೇಗಾಗಿರಬೇಡ! ಸೆನೆಟ್ ಅದನ್ನ ಕೇಳಿಸಿಕೊಂಡಿತು, ಆದರೂ ಮುಂದುವರೀತು. 1804ರ ಮಾರ್ಚ್ 12ರಂದು 19–7 ಮತ. ‘ಘೋರ ಅಪರಾಧ’ ಅನ್ನೋ ಮಾತನ್ನ ಜಾಣತನದಿಂದ ಬಿಟ್ಟು ‘ಆರೋಪದಲ್ಲಿರುವಂತೆ ತಪ್ಪಿತಸ್ಥ’ ಅಂದರು. ಕೆಲವು ಸೆನೆಟರುಗಳು ಮತ ಹಾಕದೆ ಎದ್ದುಹೋದರು. ಮತ ಬಿದ್ದಿದ್ದು ಮಾತ್ರ ಶುದ್ಧ ಪಕ್ಷದ ಲೆಕ್ಕದಲ್ಲೇ.

ಅವರನ್ನು ಇಳಿಸಲೇಬೇಕಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಕೋರ್ಟಿಗೆ ಬರೋ ಜನರ ಗತಿ ಏನು? ಆದರೆ ಕಾಯಿಲೆಗೆ ಅಪರಾಧದ ಪಟ್ಟ ಕಟ್ಟದೆ ಬೇರೆ ದಾರಿ ಹುಡುಕಬಹುದಿತ್ತು ಅನ್ನಿಸುತ್ತೆ. 1801ರ ದಾರಿ ಕೈಯಲ್ಲೇ ಇತ್ತಲ್ಲ.

ಪಿಕರಿಂಗ್ 1805ರ ಏಪ್ರಿಲ್‌ನಲ್ಲಿ ಪೋರ್ಟ್ಸ್‌ಮತ್‌ನಲ್ಲೇ ತೀರಿಕೊಂಡರು. ಅವರ ಕುರ್ಚಿ ಸಿಕ್ಕಿದ್ದು ಜಾನ್ ಸ್ಯಾಮ್ಯುಯೆಲ್ ಶೆರ್ಬರ್ನ್ ಅನ್ನೋರಿಗೆ. ಎಲೈಜಾ ಪ್ರಕರಣದಲ್ಲಿ ಸರ್ಕಾರದ ವಕೀಲ, ಸೆನೆಟ್ಟಿನಲ್ಲಿ ಪಿಕರಿಂಗ್ ವಿರುದ್ಧ ಸಾಕ್ಷಿ ಹೇಳಿದವರು.